ಗೌಟ್ ಗುರುತು ಹಿಡಿಯೋದು ಹೇಗೆ, ಬಂದಾಗ ಏನ್ ಮಾಡ್ಬೇಕು, ಬೇಳೆ ಸಾರು ಬಿಡ್ಬೇಕಾ: ಹಂತ ಹಂತವಾಗಿ

ವಾರಕ್ಕೊಬ್ಬರಾದ್ರೂ ಕೇಳೇ ಕೇಳ್ತಾರೆ. "ಫುಲ್ ಬಾಡಿ ಚೆಕಪ್ ಮಾಡಿಸಿದ್ವಿ, ಯೂರಿಕ್ ಆಸಿಡ್ 7.6 ಅಂತ ಕೆಂಪಕ್ಷರದಲ್ಲಿ ಬಂದಿದೆ, ಬೇಳೆ ಬಿಡ್ಬೇಕಾ?" ಇನ್ನೊಬ್ಬರದು, "ರಾತ್ರಿ ಮಲಗುವಾಗ ಚೆನ್ನಾಗೇ ಇದ್ದೆ, ಮೂರು ಗಂಟೆಗೆ ಎಚ್ಚರ ಆದ್ರೆ ಕಾಲಿನ ಹೆಬ್ಬೆರಳು ಮುಟ್ಟೋಕಾಗ್ತಿಲ್ಲ, ಎಲ್ಲೂ ಎಡವಿಲ್ಲ, ಉಳುಕಿಲ್ಲ, ಏನಿದು?" ಮೂರನೇದು, "ಮಾತ್ರೆ ತಗೊಂಡೆ, ನೋವು ಹೋಯ್ತು, ನಿಲ್ಲಿಸಿದೆ, ಎರಡು ತಿಂಗಳಿಗೆ ಮತ್ತೆ ಬಂತು, ಮಾತ್ರೆನೇ ಸರಿ ಇಲ್ವಾ?" ಮೂರಕ್ಕೂ ಸೇರಿಸಿ ಒಂದೇ ಸಲ ಬರೀತಿದೀನಿ. ಗೌಟ್ ಅಂದ್ರೆ ಯೂರಿಕ್ ಆಸಿಡ್ ಕೀಲುಗಳಲ್ಲಿ ಹರಳು ಕಟ್ಟಿ ಊತ, ನೋವು ತರೋ ಕಾಯಿಲೆ. ಇಲ್ಲಿ ಬರೋ ಮಾತ್ರೆ ಹೆಸರು, ಡೋಸ್ ಎಲ್ಲ ನೀವು ಡಾಕ್ಟರ್ ಹತ್ರ ಕೂತಾಗ ಅವರು ಹೇಳೋದು ಅರ್ಥ ಆಗ್ಲಿ, ಕೇಳ್ಬೇಕಾದ್ದನ್ನ ಕೇಳೋಕೆ ಆಗ್ಲಿ ಅಂತ, ಮೆಡಿಕಲ್ ಶಾಪ್‌ಗೆ ಹೋಗಿ ನೀವೇ ಕೊಂಡ್ಕೊಂಡು ನುಂಗ್ಲಿ ಅಂತ ಅಲ್ಲ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡ್ತೀನಿ. ಪೇನ್ ಕಿಲ್ಲರ್ ಗೌಟನ್ನ ವಾಸಿ ಮಾಡಲ್ಲ, ಆ ಸಲದ ನೋವನ್ನ ಇಳಿಸುತ್ತೆ ಅಷ್ಟೇ. ಕಾಯಿಲೆಗೆ ಚಿಕಿತ್ಸೆ ಅಂದ್ರೆ ರಕ್ತದಲ್ಲಿರೋ ಯೂರಿಕ್ ಆಸಿಡನ್ನ 6ರ ಕೆಳಗೆ ಇಳಿಸಿ ವರ್ಷಗಟ್ಟಲೆ ಅಲ್ಲೇ ಇಟ್ಕೊಳ್ಳೋದು. ನಮ್ಮವರು ತುಂಬಾ ಜನ ಇದರ ಉಲ್ಟಾ ಮಾಡ್ತಾರೆ, ನೋವು ಬಂದಾಗೆಲ್ಲ ಪೇನ್ ಕಿಲ್ಲರ್ ನುಂಗಿ ಕಿಡ್ನಿ ಹಾಳು ಮಾಡ್ಕೊಳ್ತಾರೆ, ಬೇಳೆ ಬಿಡ್ತಾರೆ, ಸೊಪ್ಪು ಬಿಡ್ತಾರೆ, ನಿಜವಾಗಿ ಬೇಕಾಗಿರೋ ದಿನದ ಮಾತ್ರೆನೂ ಬಿಡ್ತಾರೆ, ಬಿಯರ್ ಮಾತ್ರ ಬಿಡಲ್ಲ.

ಒಳಗೆ ಏನಾಗ್ತಿರುತ್ತೆ

ಪ್ಯೂರಿನ್ ಅಂತ ಒಂದು ವಸ್ತು ಇದೆ, ನಮ್ಮ ಮೈಯ ಜೀವಕೋಶಗಳಲ್ಲೂ ಇರುತ್ತೆ, ನಾವು ತಿನ್ನೋದ್ರಲ್ಲೂ ಇರುತ್ತೆ, ಅದು ಒಡೆದಾಗ ಕೊನೆಗೆ ಉಳಿಯೋ ಕಸನೇ ಯೂರಿಕ್ ಆಸಿಡ್. ಸುಮಾರು ಮೂರರಲ್ಲಿ ಎರಡು ಭಾಗ ಮೈಯೇ ತಯಾರು ಮಾಡೋದು, ಊಟದಿಂದ ಬರೋದು ಒಂದು ಭಾಗ. ಇದನ್ನ ಹೊರಗೆ ಹಾಕೋ ಕೆಲಸ ಹೆಚ್ಚಾಗಿ ಕಿಡ್ನಿದು, ಉಳಿದದ್ದು ಕರುಳಿಂದು. ಗೌಟ್ ಇರೋ ಹೆಚ್ಚಿನವರಲ್ಲಿ ತೊಂದರೆ ಇರೋದು ಕಿಡ್ನಿ ಅದನ್ನ ಸಾಕಷ್ಟು ಹೊರಗೆ ಹಾಕ್ತಿಲ್ಲ ಅನ್ನೋದ್ರಲ್ಲಿ, ಅದೂ ಎಷ್ಟೋ ಸಲ ವಂಶದಲ್ಲೇ ಬಂದಿರುತ್ತೆ. ಅದಕ್ಕೇ ಒಂದು ತುಂಡು ಮಾಂಸ ತಿನ್ನದ, ಒಂದು ತೊಟ್ಟು ಕುಡಿಯದವರಿಗೂ ಗೌಟ್ ಬರುತ್ತೆ, "ನೀನು ಕದ್ದು ಕುಡೀತಿರ್ಬೇಕು" ಅಂತ ಅಂಥವರನ್ನ ರೇಗಿಸ್ಬೇಡಿ.

ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದ್ರೆ ಅದು ಕರಗಿ ಇರೋಕಾಗ್ದೆ ಹರಳಾಗೋಕೆ ಶುರುವಾಗುತ್ತೆ, ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ಆರೋಕೆ ಬಿಟ್ರೆ ತಳದಲ್ಲಿ ನಿಲ್ಲುತ್ತಲ್ಲ ಹಾಗೆ. ಮೈಯಲ್ಲಿ ತಣ್ಣಗಿರೋ ಜಾಗದಲ್ಲಿ ಹರಳು ಬೇಗ ಕಟ್ಟುತ್ತೆ, ಕಾಲಿನ ತುದಿ ಮೈಗಿಂತ ತಂಪು, ಹೆಬ್ಬೆರಳಿನ ಬುಡಕ್ಕೇ ಮೊದಲು ಬರೋಕೆ ಅದೂ ಒಂದು ಕಾರಣ. ಸೂಜಿ ಥರ ಇರೋ ಈ ಹರಳುಗಳನ್ನ ಮೈಯ ರಕ್ಷಣಾ ಕೋಶಗಳು ಶತ್ರು ಅಂದ್ಕೊಂಡು ಮೇಲೆ ಬಿದ್ದಾಗ ಆಗೋದೇ ಆ ಉರಿ, ಊತ.

ಗಂಡಸರಿಗೆ ಸಾಮಾನ್ಯವಾಗಿ ಮೂವತ್ತು ನಲವತ್ತರ ಮೇಲೆ ಬರುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲೋವರೆಗೂ ಕಡಿಮೆ, ಯಾಕಂದ್ರೆ ಈಸ್ಟ್ರೋಜನ್ ಹಾರ್ಮೋನ್ ಯೂರಿಕ್ ಆಸಿಡನ್ನ ಹೊರಗೆ ಹಾಕೋಕೆ ಕಿಡ್ನಿಗೆ ಸಹಾಯ ಮಾಡುತ್ತೆ. ಆಮೇಲೆ ಅವರಿಗೂ ಬರುತ್ತೆ, ಆದ್ರೆ ಮನೇಲಿ "ಅಮ್ಮಂಗೆ ಮಂಡಿನೋವು, ವಯಸ್ಸಾಯ್ತಲ್ಲ" ಅಂತ ಯಾರೂ ಟೆಸ್ಟೇ ಮಾಡ್ಸಲ್ಲ.

ಶುರು ಮಾಡೋ ಮುಂಚೆ ಇವನ್ನ ಒಂದು ಕವರ್‌ಗೆ ಹಾಕಿಡಿ

ಹಳೇ ಬ್ಲಡ್ ರಿಪೋರ್ಟ್‌ಗಳು, ಅದರಲ್ಲೂ ಯೂರಿಕ್ ಆಸಿಡ್, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಟೆಸ್ಟ್), ಲಿವರ್, ಶುಗರ್. ನೀವು ದಿನಾ ತಗೊಳ್ಳೋ ಎಲ್ಲಾ ಮಾತ್ರೆಗಳ ಸ್ಟ್ರಿಪ್, ಬಿಪಿದು, ಹಾರ್ಟ್‌ದು, ಆಯುರ್ವೇದದ್ದು, ಪ್ರೋಟೀನ್ ಪೌಡರ್, ಯಾವುದನ್ನೂ ಬಿಡ್ಬೇಡಿ. ಇನ್ನೊಂದು, ಊದಿಕೊಂಡಿರೋ ದಿನವೇ ಕಾಲಿನ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ, ಯಾಕಂದ್ರೆ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ಊತ ಇಳಿದು ಕಾಲು ಏನೂ ಆಗೇ ಇಲ್ಲ ಅನ್ನೋ ಥರ ಕಾಣುತ್ತೆ, ಡಾಕ್ಟರ್‌ಗೆ ತೋರಿಸೋಕೆ ನಿಮ್ಮ ಹತ್ರ ಮಾತು ಬಿಟ್ರೆ ಬೇರೇನೂ ಇರಲ್ಲ.

ಹಂತ 1: ಇದು ಗೌಟೇನಾ ಅಂತ ನೋಡ್ಕೊಳ್ಳಿ

ಗೌಟ್ ನಿಧಾನಕ್ಕೆ ಬರೋ ನೋವಲ್ಲ. ರಾತ್ರೋರಾತ್ರಿ ಅಥವಾ ಬೆಳಗಿನ ಜಾವ ಶುರುವಾಗಿ 12ರಿಂದ 24 ಗಂಟೆ ಒಳಗೆ ಅದರ ತಾರಕಕ್ಕೆ ಹೋಗಿಬಿಡುತ್ತೆ. ಸಾಮಾನ್ಯವಾಗಿ ಒಂದೇ ಕೀಲು, ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡ, ಇಲ್ಲಾಂದ್ರೆ ಪಾದದ ಮೇಲ್ಭಾಗ, ಕಣಕಾಲು, ಮಂಡಿ, ಹಳೇ ರೋಗಿಗಳಲ್ಲಿ ಮಣಿಕಟ್ಟು, ಮೊಣಕೈ, ಬೆರಳು. ಚರ್ಮ ಕೆಂಪಾಗಿ ಹೊಳೀತಾ ಇರುತ್ತೆ (ಕಪ್ಪು ಮೈಬಣ್ಣದವರಿಗೆ ಕೆಂಪು ಅಷ್ಟು ಕಾಣದೇ ಇರ್ಬಹುದು, ಬಿಸಿ ಮತ್ತೆ ಹೊಳಪು ನೋಡಿ), ಮುಟ್ಟಿದ್ರೆ ಸುಡುತ್ತೆ, ಹೊದಿಕೆ ತಾಗಿದ್ರೂ ಜೀವ ಹೋದಂಗಾಗುತ್ತೆ. ಮಾತ್ರೆ ತಗೊಳ್ದೇ ಇದ್ರೂ ಒಂದು ಎರಡು ವಾರಕ್ಕೆ ತಾನಾಗೇ ಇಳಿಯುತ್ತೆ, ಆಮೇಲೆ ಕೆಲವೊಮ್ಮೆ ಆ ಜಾಗದ ಚರ್ಮ ಸುಲಿಯುತ್ತೆ.

ಈ "ತಾನಾಗೇ ಇಳಿಯುತ್ತೆ" ಅನ್ನೋದನ್ನ ನೆನಪಿಟ್ಕೊಳ್ಳಿ, ಇದರಿಂದಾನೇ ಎಲೆ ಕಟ್ಟಿದವರಿಗೂ, ಆಪಲ್ ಸೈಡರ್ ವಿನೆಗರ್‌ಗೂ, ಅಡುಗೆ ಸೋಡಾಗೂ, ಪಕ್ಕದ ಮನೆಯವರ ಕಷಾಯಕ್ಕೂ ಪುಕ್ಕಟೆ ಹೆಸರು ಬರೋದು.

ಬೆಂಗಳೂರಲ್ಲಿ ಯೂರಿಕ್ ಆಸಿಡ್‌ನ ತಲೆಗೆ ತಪ್ಪಾಗಿ ಕಟ್ಟೋ ಬೇರೆ ನೋವುಗಳು ಬಹಳ ಇವೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದ್ರೆ, ನಾಲ್ಕು ಹೆಜ್ಜೆ ಓಡಾಡಿದ್ಮೇಲೆ ಕಮ್ಮಿ ಆದ್ರೆ, ಅದು ಹೆಚ್ಚಾಗಿ ಪ್ಲಾಂಟರ್ ಫೇಸಿಯೈಟಿಸ್, ಅಂದ್ರೆ ಅಂಗಾಲಿನ ಕೆಳಗಿರೋ ಪಟ್ಟಿಯ ನೋವು, ಯೂರಿಕ್ ಆಸಿಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಎರಡೂ ಕೈಯ ಸಣ್ಣ ಕೀಲುಗಳು ಬೆಳಗ್ಗೆ ಗಂಟೆಗಟ್ಟಲೆ ಬಿಗಿಯಾಗಿದ್ರೆ ರೂಮಟಾಯ್ಡ್ ಅನ್ನೋ ಬೇರೆ ಥರದ ಸಂಧಿವಾತ ಇರ್ಬಹುದು. ಮಳೆಗಾಲದಲ್ಲಿ ಜ್ವರ ಬಂದು ಮೈಯ ಕೀಲೆಲ್ಲ ಹಿಡ್ಕೊಂಡ್ರೆ ಚಿಕುನ್‌ಗುನ್ಯಾ ಯೋಚನೆ ಮಾಡಿ. ವರ್ಷಗಳಿಂದ ಮೆಟ್ಟಿಲು ಹತ್ತುವಾಗ ಮಾತ್ರ ಮಂಡಿ ನೋಯೋದು ಹೆಚ್ಚಾಗಿ ಸವೆತ. ಇವರಿಗೆಲ್ಲ ರಿಪೋರ್ಟ್‌ನಲ್ಲಿ ಯೂರಿಕ್ ಆಸಿಡ್ 7 ಚಿಲ್ಲರೆ ಬಂದಿದ್ದೇ ತಡ, ಅದೇ ಕಾರಣ ಅಂತ ತೀರ್ಮಾನ ಆಗಿಬಿಡುತ್ತೆ.

ಎಚ್ಚರಿಕೆ, ಇದು ಮಾತ್ರ ಸೀರಿಯಸ್: ಕೀಲು ಊದಿ ಬಿಸಿಯಾಗಿರೋದ್ರ ಜೊತೆ ಚಳಿಜ್ವರ ಇದ್ರೆ, ಅಥವಾ ಶುಗರ್ ಇರೋರು, ಇಮ್ಯೂನಿಟಿ ಕಮ್ಮಿ ಮಾಡೋ ಮಾತ್ರೆ ತಗೊಳ್ತಿರೋರು, ಇತ್ತೀಚೆಗೆ ಅದೇ ಕೀಲಿಗೆ ಇಂಜೆಕ್ಷನ್ ಅಥವಾ ಆಪರೇಷನ್ ಆಗಿರೋರು ಆಗಿದ್ರೆ, ಕೀಲಿನೊಳಗೆ ಬ್ಯಾಕ್ಟೀರಿಯಾ ಸೇರಿ ಕೀವಾಗಿರೋ ಸಾಧ್ಯತೆ ಇದೆ. ಅದು ದಿನಗಳಲ್ಲೇ ಕೀಲನ್ನ ತಿಂದುಹಾಕುತ್ತೆ. ಬೆಳಗಾಗ್ಲಿ ಅಂತ ಕಾಯ್ಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಗಾಡಿ ಸಿಗ್ಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ. ಮೊದಲೇ ಗೌಟ್ ಇರೋರಿಗೂ ಇದು ಆಗ್ಬಹುದು, "ಅದೇ ಹಳೇ ನೋವು" ಅಂದ್ಕೊಂಡು ಕೂರ್ಬೇಡಿ.

ಹಂತ 2: ನೋವು ಬಂದ ದಿನ ಏನು ಮಾಡ್ಬೇಕು

ಕಾಲನ್ನ ದಿಂಬಿನ ಮೇಲೆ ಎತ್ತಿಡಿ, ಐಸ್‌ನ ಬಟ್ಟೇಲಿ ಸುತ್ತಿ 20 ನಿಮಿಷದ ಹಾಗೆ ದಿನಕ್ಕೆ ಮೂರ್ನಾಲ್ಕು ಸಲ ಇಡಿ. ಬಿಸಿನೀರು ಶಾಖ ಕೊಡ್ಬೇಡಿ, ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ನಮ್ಮಲ್ಲಿ ಉಳುಕು ತೆಗೆಯೋರ ಹತ್ರ ಕರ್ಕೊಂಡು ಹೋಗಿ ಎಳೆಸೋ ಅಭ್ಯಾಸ ಇದೆ, ಗೌಟ್ ಕಾಲನ್ನ ಎಳೆಸಿದ್ರೆ ನೋವು ದುಪ್ಪಟ್ಟು. ನೀರು ಚೆನ್ನಾಗಿ ಕುಡೀರಿ.

ಮಾತ್ರೆ ವಿಷಯಕ್ಕೆ ಬಂದ್ರೆ ಮೂರು ದಾರಿ ಇವೆ, ಯಾವುದು ಅನ್ನೋದು ನಿಮ್ಮ ಬೇರೆ ಕಾಯಿಲೆಗಳ ಮೇಲೆ ನಿಂತಿದೆ, ಮೂರರಲ್ಲಿ ಯಾವುದನ್ನ ತಗೊಂಡ್ರೂ ಬೇಗ ಶುರು ಮಾಡಿದಷ್ಟೂ ಒಳ್ಳೇದು.

ಒಂದು, ನ್ಯಾಪ್ರಾಕ್ಸೆನ್, ಇಂಡೊಮೆಥಸಿನ್, ಎಟೊರಿಕಾಕ್ಸಿಬ್ ಥರದ ಊತ ಇಳಿಸೋ ಪೇನ್ ಕಿಲ್ಲರ್‌ಗಳು. ಕೆಲಸ ಚೆನ್ನಾಗಿ ಮಾಡ್ತವೆ. ಆದ್ರೆ ಕಿಡ್ನಿ ವೀಕ್ ಇರೋರು, ಹೊಟ್ಟೆ ಹುಣ್ಣು ಇರೋರು, ಹಾರ್ಟ್ ತೊಂದರೆ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಇವುಗಳ ಹತ್ರ ಹೋಗ್ಬಾರದು. ಗೌಟ್ ಇರೋರಲ್ಲಿ ಈ ಪಟ್ಟಿಗೆ ಸೇರೋರೇ ಜಾಸ್ತಿ, ಅಂಗಡಿಯವರು ಅದನ್ನ ಕೇಳಲ್ಲ, ಸ್ಟ್ರಿಪ್ ಕತ್ತರಿಸಿ ಕೊಟ್ಟು ಕಳಿಸ್ತಾರೆ.

ಎರಡು, ಕಾಲ್ಚಿಸಿನ್. ಇದು ಗೌಟ್‌ಗೆ ಅಂತಾನೇ ಇರೋ ಹಳೇ ಮಾತ್ರೆ, ನಮ್ಮಲ್ಲಿ 0.5 ಮಿಲಿಗ್ರಾಂದು ಸಿಗುತ್ತೆ. ಶುರುವಾದ ಮೊದಲ 12 ಗಂಟೆ ಒಳಗೆ ತಗೊಂಡ್ರೆ ಪರಿಣಾಮ ಜಾಸ್ತಿ, ದಿನ ಕಳೆದಷ್ಟೂ ಕಮ್ಮಿ. ಸಾಮಾನ್ಯವಾಗಿ ಮೊದಲು ಎರಡು ಮಾತ್ರೆ, ಒಂದು ಗಂಟೆ ಬಿಟ್ಟು ಇನ್ನೊಂದು, ಅಲ್ಲಿಗೆ ಆ ದಿನಕ್ಕೆ ನಿಲ್ಲಿಸಿ ಅಂತ ಬರೆದುಕೊಡ್ತಾರೆ. ಹಳೇ ಕಾಲದಲ್ಲಿ ಭೇದಿ ಶುರುವಾಗೋವರೆಗೂ ಗಂಟೆಗೊಂದು ನುಂಗಿ ಅಂತಿದ್ರು, ಅದನ್ನೇ ಈಗ್ಲೂ ಪಾಲಿಸೋ ಅಂಕಲ್‌ಗಳು ಇದಾರೆ, ದಯವಿಟ್ಟು ಬೇಡ, ಕಮ್ಮಿ ಡೋಸೂ ಅಷ್ಟೇ ಕೆಲಸ ಮಾಡುತ್ತೆ ಅಂತ ಈಗ ಗೊತ್ತಾಗಿದೆ, ಜಾಸ್ತಿ ಆದ್ರೆ ಇದು ವಿಷ. ಕಿಡ್ನಿ ತೊಂದರೆ ಇದ್ರೆ ಡೋಸ್ ಬೇರೆ, ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಜೊತೆ ತಗೊಂಡ್ರೆ ಅಪಾಯ. ಮತ್ತೆ ಅಗ್ನಿಶಿಖೆ ಗಡ್ಡೆಯಲ್ಲೂ ಕಾಲ್ಚಿಸಿನ್ ಇರೋದು ನಿಜ, ಆದ್ರೆ ಅಳತೆ ಇಲ್ಲದ ಆ ಗಡ್ಡೆ ತಿಂದು ಪ್ರಾಣ ಕಳ್ಕೊಂಡವರಿದಾರೆ, ನಾಟಿ ಔಷಧಿ ಅಂತ ಯಾರಾದ್ರೂ ತೇದು ಕೊಟ್ರೆ ಬೇಡ ಅನ್ನಿ.

ಮೂರು, ಸ್ಟೀರಾಯ್ಡ್, ಸಾಮಾನ್ಯವಾಗಿ ಪ್ರೆಡ್ನಿಸಲೋನ್ ಮಾತ್ರೆ ಐದು ದಿನದ ಆಸುಪಾಸು, ಇಲ್ಲಾ ಕೀಲಿಗೇ ಒಂದು ಇಂಜೆಕ್ಷನ್. ಕಿಡ್ನಿ ವೀಕ್ ಇರೋರಿಗೆ ಇದೇ ವಾಸಿ. ಶುಗರ್ ಇದ್ರೆ ಆ ದಿನಗಳಲ್ಲಿ ಏರುತ್ತೆ, ದಿನಾ ಚೆಕ್ ಮಾಡ್ಕೊಳ್ಳಿ. ಹೆಸರಿಲ್ಲದ ಪೊಟ್ಟಣದಲ್ಲಿ ಬರೋ "ವಾತದ ಪುಡಿ" ಒಂದೇ ದಿನಕ್ಕೆ ಪವಾಡ ಮಾಡ್ತು ಅಂದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರ್ಬಹುದು ಅಂತ ಅನುಮಾನ ಇಟ್ಕೊಳ್ಳಿ, ತಿಂಗಳುಗಟ್ಟಲೆ ತಿಂದು ಮುಖ ಊದಿಸ್ಕೊಂಡು, ಮೂಳೆ ಹಾಳು ಮಾಡ್ಕೊಂಡು ಬರೋರು ಇದಾರೆ.

ಈಗಾಗ್ಲೇ ಯೂರಿಕ್ ಆಸಿಡ್ ಇಳಿಸೋ ದಿನದ ಮಾತ್ರೆ (ಅಲೊಪುರಿನಾಲ್ ಅಥವಾ ಫೆಬುಕ್ಸೊಸ್ಟಾಟ್) ತಗೊಳ್ತಾ ಇರುವಾಗ ನೋವು ಬಂದ್ರೆ ಅದನ್ನ ನಿಲ್ಲಿಸ್ಬೇಡಿ, ಮುಂದುವರಿಸಿ, ನೋವಿಂದು ಮೇಲಿಂದ ಸೇರಿಸಿ. ನಿಲ್ಲಿಸೋದು ಶುರು ಮಾಡೋದು ಮಾಡ್ತಾ ಇದ್ರೆ ಯೂರಿಕ್ ಆಸಿಡ್ ಏರಿಳಿದು ಇನ್ನೂ ಜಾಸ್ತಿ ಅಟ್ಯಾಕ್ (ಹಾರ್ಟ್‌ದಲ್ಲ, ಗೌಟ್ ನೋವಿಂದು) ಬರ್ತವೆ.

ಹಂತ 3: ಡಾಕ್ಟರ್ ಮತ್ತು ಟೆಸ್ಟ್

ಯಾರ ಹತ್ರ ಹೋಗೋದು? ಮೊದಲ ಸಲಕ್ಕೆ ಒಳ್ಳೇ ಎಂಡಿ ಫಿಸಿಶಿಯನ್ ಸಾಕು, ಸರ್ಕಾರಿ ಆಸ್ಪತ್ರೆ ಬೇಕು ಅಂದ್ರೆ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್ ಇವುಗಳ ಮೆಡಿಸಿನ್ ಓಪಿಡಿಗೆ ಹೋಗ್ಬಹುದು. ಪದೇ ಪದೇ ಬರ್ತಿದ್ರೆ, ಕಿಡ್ನಿ ತೊಂದರೆ ಇದ್ರೆ, ಗೌಟೋ ಅಲ್ವೋ ಅನ್ನೋದೇ ಡೌಟ್ ಇದ್ರೆ ರೂಮಟಾಲಜಿಸ್ಟ್, ಅಂದ್ರೆ ಸಂಧಿವಾತದ ಸ್ಪೆಷಲಿಸ್ಟ್, ಅವರ ಹತ್ರ ಹೋಗಿ. ಕೋರಮಂಗಲದ ಸೇಂಟ್ ಜಾನ್ಸ್ ಥರದ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಇದಕ್ಕೇ ವಿಭಾಗ ಇದೆ. ನಮ್ಮೂರಲ್ಲಿ ಕೀಲು ಅಂದ ತಕ್ಷಣ ಮೂಳೆ ಡಾಕ್ಟರ್ ಹತ್ರ ಓಡ್ತಾರೆ, ತಪ್ಪೇನಿಲ್ಲ, ಆದ್ರೆ ಇದು ಮೂಳೆ ಮುರಿದ ಕಾಯಿಲೆ ಅಲ್ಲ, ವರ್ಷಗಟ್ಟಲೆ ಮಾತ್ರೆ ಹೊಂದಿಸ್ಕೊಂಡು ಹೋಗೋ ಕಾಯಿಲೆ, ಕೊನೆಗೆ ಫಿಸಿಶಿಯನ್ ಬೇಕೇ ಬೇಕು.

ಪಕ್ಕಾ ಹೇಳೋ ಟೆಸ್ಟ್ ಅಂದ್ರೆ ಊದಿರೋ ಕೀಲಿಂದ ಸೂಜಿಯಲ್ಲಿ ನೀರು ತೆಗೆದು ಪೋಲರೈಸ್ಡ್ ಮೈಕ್ರೋಸ್ಕೋಪ್ ಕೆಳಗೆ ಹರಳು ನೋಡೋದು. ಅದೇ ನೀರಲ್ಲಿ ಇನ್‌ಫೆಕ್ಷನ್ ಇದ್ಯಾ ಅಂತಾನೂ ಗೊತ್ತಾಗುತ್ತೆ. ಏರಿಯಾದ ಸಣ್ಣ ಲ್ಯಾಬ್‌ಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಹಾಗಾಗಿ ಲಕ್ಷಣ ನೋಡಿ, ಅಲ್ಟ್ರಾಸೌಂಡ್ ಮಾಡಿ ಹೇಳ್ತಾರೆ, ಕೆಲವು ಕಡೆ ಡ್ಯುಯಲ್ ಎನರ್ಜಿ ಸಿಟಿ ಅನ್ನೋ ಸ್ಕ್ಯಾನೂ ಇದೆ, ಅದು ಎಲ್ಲರಿಗೂ ಬೇಕಾಗಲ್ಲ.

ಈಗ ಜನ ಅತಿ ಹೆಚ್ಚು ಎಡವೋ ಜಾಗ. ನೋವು ಇರೋ ದಿನ ಯೂರಿಕ್ ಆಸಿಡ್ ಟೆಸ್ಟ್ ಮಾಡ್ಸಿದ್ರೆ ಅದು ನಾರ್ಮಲ್ ಬರ್ಬಹುದು. ಅಟ್ಯಾಕ್ ಸಮಯದಲ್ಲಿ ಅದು ಇಳಿಯೋದುಂಟು. 5.8 ಬಂತು, ಗೌಟ್ ಅಲ್ಲ ಅಂತ ಖುಷಿಪಟ್ಟು ರಿಪೋರ್ಟ್ ಮಡಿಚಿಟ್ಟುಬಿಡ್ಬೇಡಿ, ನೋವು ಪೂರ್ತಿ ಇಳಿದು ಎರಡು ವಾರ ಆದ್ಮೇಲೆ ಮತ್ತೆ ಮಾಡ್ಸಿ. ಉಲ್ಟಾನೂ ಅಷ್ಟೇ ನಿಜ, ಯೂರಿಕ್ ಆಸಿಡ್ ಜಾಸ್ತಿ ಇರೋ ಹೆಚ್ಚಿನವರಿಗೆ ಗೌಟ್ ಬರೋದೇ ಇಲ್ಲ. ಒಂದೇ ಒಂದು ಸಲವೂ ಕೀಲು ಊದಿಲ್ಲ, ಕಿಡ್ನಿ ಸ್ಟೋನ್ ಇಲ್ಲ, ಬರೀ ಚೆಕಪ್ ಪ್ಯಾಕೇಜಲ್ಲಿ 7.6 ಬಂದಿದೆ ಅಂದ್ರೆ ಸಾಮಾನ್ಯವಾಗಿ ಮಾತ್ರೆ ಬೇಕಾಗಲ್ಲ. ತೂಕ, ಬಿಪಿ, ಶುಗರ್, ಕಿಡ್ನಿ ಒಂದ್ಸಲ ನೋಡ್ಸಿ, ಕುಡಿತ ಕಮ್ಮಿ ಮಾಡಿ, ಸಾಕು. ಈ ಲೇಖನಕ್ಕೆ ಬಂದಿರೋ ಅರ್ಧ ಜನಕ್ಕೆ ಬೇಕಾಗಿರೋ ಉತ್ತರ ಇಲ್ಲಿಗೇ ಮುಗೀತು ಅನ್ಸುತ್ತೆ, ನೀವು ಇಲ್ಲಿಂದ ಹಂತ 5ಕ್ಕೆ ಹೋಗ್ಬಹುದು.

ಹಂತ 4: ದಿನದ ಮಾತ್ರೆ, ಯಾರಿಗೆ, ಹೇಗೆ

ವರ್ಷಕ್ಕೆ ಎರಡು ಅಥವಾ ಜಾಸ್ತಿ ಸಲ ಅಟ್ಯಾಕ್ ಬರೋರು, ಟೋಫಸ್ ಇರೋರು (ಹರಳು ಗುಡ್ಡೆಯಾಗಿ ಕಿವಿ ಅಂಚಲ್ಲಿ, ಮೊಣಕೈಲಿ, ಬೆರಳ ಗೆಣ್ಣಲ್ಲಿ ಕಾಣೋ ಗಂಟು, ಒಡೆದ್ರೆ ಸೀಮೆಸುಣ್ಣದ ಥರ ಬಿಳಿ ಬರುತ್ತೆ), ಎಕ್ಸ್‌ರೇನಲ್ಲಿ ಕೀಲು ಸವೆದಿರೋದು ಕಂಡಿರೋರು, ಇವರಿಗೆ ಯೂರಿಕ್ ಆಸಿಡ್ ಇಳಿಸೋ ಮಾತ್ರೆ ಬೇಕೇ ಬೇಕು. ಮೊದಲ ಅಟ್ಯಾಕ್ ಆದ್ರೂ ಕಿಡ್ನಿ ಕೆಲಸ ಕಮ್ಮಿ ಇದ್ರೆ, ಯೂರಿಕ್ ಆಸಿಡ್ 9ಕ್ಕಿಂತ ಮೇಲಿದ್ರೆ, ಅಥವಾ ಕಿಡ್ನಿ ಸ್ಟೋನ್ ಆಗಿದ್ರೆ ಶುರು ಮಾಡೋಣ್ವಾ ಅಂತ ಡಾಕ್ಟರ್ ಕೇಳ್ತಾರೆ, ಒಪ್ಕೊಳ್ಳೋದೇ ಒಳ್ಳೇದು.

ಮೊದಲ ಆಯ್ಕೆ ಅಲೊಪುರಿನಾಲ್, ಜೈಲೋರಿಕ್ ಅನ್ನೋ ಹೆಸರಲ್ಲಿ ತುಂಬಾ ಜನಕ್ಕೆ ಗೊತ್ತು. 1966ರಿಂದ ಬಳಕೆಯಲ್ಲಿರೋ ಮಾತ್ರೆ, ಇದನ್ನ ಕಂಡುಹಿಡಿದ ತಂಡದ ಗರ್ಟ್ರೂಡ್ ಎಲಿಯಾನ್ ಮತ್ತು ಜಾರ್ಜ್ ಹಿಚಿಂಗ್ಸ್‌ಗೆ 1988ರಲ್ಲಿ ನೊಬೆಲ್ ಬಂತು. ಬೆಲೆ ಕಮ್ಮಿ, ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಇದು ಕೆಲಸ ಮಾಡ್ಬೇಕಂದ್ರೆ ಮೂರು ನಿಯಮ.

ಕಮ್ಮಿಯಿಂದ ಶುರು. ದಿನಕ್ಕೆ 100 ಮಿಲಿಗ್ರಾಂ ಅಥವಾ ಕಮ್ಮಿ, ಕಿಡ್ನಿ ವೀಕ್ ಇದ್ರೆ ಇನ್ನೂ ಕಮ್ಮಿ. ಮೊದಲ ದಿನವೇ 300 ಕೊಟ್ಟಿದ್ರೆ ಯಾಕೆ ಅಂತ ಕೇಳಿ.

ನಿಧಾನಕ್ಕೆ ಏರಿಸೋದು. ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಟೆಸ್ಟ್ ಮಾಡಿ, ಯೂರಿಕ್ ಆಸಿಡ್ 6ರ ಕೆಳಗೆ ಬರೋವರೆಗೂ ಡೋಸ್ ಏರಿಸ್ತಾ ಹೋಗ್ತಾರೆ, ಟೋಫಸ್ ಇದ್ರೆ ಗುರಿ 5ರ ಕೆಳಗೆ. ನನ್ನ ಪ್ರಕಾರ ನಮ್ಮಲ್ಲಿ ಗೌಟ್ ಚಿಕಿತ್ಸೆ ಸೋಲೋದು ಇಲ್ಲೇ. 100 ಬರೆದುಕೊಡ್ತಾರೆ, ಮತ್ತೆ ಟೆಸ್ಟ್ ಇಲ್ಲ, ಏರಿಸೋದೂ ಇಲ್ಲ, ಅದೇ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ಅದೇ 100 ನುಂಗ್ತಾರೆ, ಯೂರಿಕ್ ಆಸಿಡ್ 7.5ರಲ್ಲೇ ಕೂತಿರುತ್ತೆ, ಅಟ್ಯಾಕ್ ಬರ್ತಾನೇ ಇರುತ್ತೆ, ಕೊನೆಗೆ "ಇಂಗ್ಲಿಷ್ ಮೆಡಿಸಿನ್ ಕೆಲಸ ಮಾಡಲ್ಲ" ಅಂತ ಬಿಡ್ತಾರೆ. ಮುಂದಿನ ಟೆಸ್ಟ್ ಯಾವಾಗ, ಗುರಿ ಎಷ್ಟು ಅಂತ ಡಾಕ್ಟರ್‌ನ ನೀವೇ ಕೇಳಿ, ಚೀಟಿ ಮೇಲೆ ಬರೆಸ್ಕೊಳ್ಳಿ.

ಮೊದಲ 3ರಿಂದ 6 ತಿಂಗಳು ಕಾವಲು. ಮಾತ್ರೆ ಶುರು ಮಾಡಿದ ಹೊಸದರಲ್ಲಿ ಹಳೇ ಹರಳು ಕರಗಿ ಅಲುಗಾಡೋದ್ರಿಂದ ಅಟ್ಯಾಕ್ ಜಾಸ್ತಿ ಆಗ್ಬಹುದು. ಮಾತ್ರೆ ಕೆಲಸ ಮಾಡ್ತಿರೋದಕ್ಕೇ ಹಾಗಾಗೋದು, ಆದ್ರೆ ಇದನ್ನ ಮೊದಲೇ ಯಾರೂ ಹೇಳ್ದೇ ಇದ್ರೆ "ಈ ಮಾತ್ರೆಯಿಂದಾನೇ ಜಾಸ್ತಿ ಆಯ್ತು" ಅಂತ ಕಸದ ಬುಟ್ಟಿಗೆ ಹೋಗುತ್ತೆ. ಅದನ್ನ ತಡೆಯೋಕೆ ಆ ತಿಂಗಳುಗಳಲ್ಲಿ ಕಮ್ಮಿ ಡೋಸ್ ಕಾಲ್ಚಿಸಿನ್ ಜೊತೆಗೆ ಕೊಡ್ತಾರೆ.

ಅಪಾಯದ ಗುರುತು: ಶುರು ಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗೋದು, ಇದರಲ್ಲಿ ಯಾವುದು ಬಂದ್ರೂ ಅಲೊಪುರಿನಾಲ್ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅಪರೂಪ, ಆದ್ರೆ ಬಂದ್ರೆ ಪ್ರಾಣಕ್ಕೆ ಬರೋ ಅಲರ್ಜಿ. ಕಿಡ್ನಿ ಕಸಿ ಆಗಿರೋರು, ಅಜಥಯೋಪ್ರಿನ್ ಅನ್ನೋ ಇಮ್ಯೂನಿಟಿ ಕಮ್ಮಿ ಮಾಡೋ ಮಾತ್ರೆ ತಗೊಳ್ಳೋರು ಮೊದಲೇ ಹೇಳ್ಬೇಕು, ಅದೂ ಅಲೊಪುರಿನಾಲೂ ಸೇರಿದ್ರೆ ರಕ್ತಕಣಗಳು ಕುಸಿದುಬಿಡ್ತವೆ.

ಫೆಬುಕ್ಸೊಸ್ಟಾಟ್ ಇನ್ನೊಂದು ಆಯ್ಕೆ, ಸಾಮಾನ್ಯವಾಗಿ 40 ಮಿಲಿಗ್ರಾಂನಿಂದ ಅಥವಾ ಅದಕ್ಕಿಂತ ಕಮ್ಮಿಯಿಂದ ಶುರು. ಹಾರ್ಟ್ ಕಾಯಿಲೆ ಇರೋರಲ್ಲಿ ಸಾವು ಸ್ವಲ್ಪ ಜಾಸ್ತಿ ಕಂಡ ಒಂದು ಅಧ್ಯಯನದ ನಂತರ 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಎಚ್ಚರಿಕೆ ಹಾಕ್ತು, 2020ರಲ್ಲಿ ಯುರೋಪಿನ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆ ಅಪಾಯ ಕಾಣ್ಲಿಲ್ಲ. ಸ್ಟೆಂಟ್ ಹಾಕಿಸ್ಕೊಂಡಿರೋರು, ಹಾರ್ಟ್ ಅಟ್ಯಾಕ್ ಆಗಿರೋರು ಅದನ್ನ ಡಾಕ್ಟರ್‌ಗೆ ಹೇಳಿ ಆಮೇಲೆ ತೀರ್ಮಾನ ಮಾಡಿ.

"ಜೀವನಪೂರ್ತಿನಾ?" ಹೆಚ್ಚಿನವರಿಗೆ ಹೌದು. ಬಿಪಿ ಮಾತ್ರೆಗೆ ಯಾರೂ ಇಷ್ಟು ಬೇಜಾರು ಮಾಡ್ಕೊಳ್ಳಲ್ಲ, ಇದಕ್ಕೆ ಯಾಕೋ ಗೊತ್ತಿಲ್ಲ.

ಹಂತ 5: ಊಟ, ಬೇಳೆ ಸಾರಿನ ಸಮೇತ

ಊಟ ಎಷ್ಟೇ ಕಟ್ಟುನಿಟ್ಟು ಮಾಡಿದ್ರೂ ಯೂರಿಕ್ ಆಸಿಡ್ ಇಳಿಯೋದು ಹೆಚ್ಚು ಅಂದ್ರೆ ಒಂದು ಪಾಯಿಂಟ್ ಆಸುಪಾಸು, ಅದರಿಂದ 9 ಇದ್ದೋರು 6ಕ್ಕೆ ಬರಲ್ಲ. ಊಟದಿಂದ ಸಿಗೋ ಲಾಭ ಅಂದ್ರೆ ಅಟ್ಯಾಕ್ ಎಬ್ಬಿಸೋ ವಸ್ತುಗಳನ್ನ ದೂರ ಇಡೋದು.

ಬೇಳೆ, ಕಾಳು, ಪಾಲಕ್, ಹೂಕೋಸು, ಅಣಬೆ ಇವುಗಳಲ್ಲಿ ಪ್ಯೂರಿನ್ ಇದೆ ಅಂತ ಪಟ್ಟಿ ತೋರ್ಸಿ ಬಿಡಿಸ್ತಾರೆ. ಸುಮಾರು 47 ಸಾವಿರ ಗಂಡಸರನ್ನ 12 ವರ್ಷ ಗಮನಿಸಿ 2004ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಮಾಂಸ, ಮೀನು ಜಾಸ್ತಿ ತಿನ್ನೋರಿಗೆ ಗೌಟ್ ಜಾಸ್ತಿ ಬಂತು, ಪ್ಯೂರಿನ್ ಇರೋ ತರಕಾರಿ ತಿನ್ನೋರಿಗೆ ಬರ್ಲಿಲ್ಲ, ಹಾಲು ಮೊಸರು ಜಾಸ್ತಿ ತಗೊಳ್ಳೋರಿಗೆ ಕಮ್ಮಿನೇ ಇತ್ತು. ಹಾಗಾಗಿ ತೊಗರಿಬೇಳೆ ಸಾರು ಉಣ್ಣಿ, ಬಸ್ಸಾರು ಉಣ್ಣಿ, ಡಿಸೆಂಬರ್ ಜನವರಿಯಲ್ಲಿ ಅವರೆಕಾಳು ಬಂದಾಗ ಹಿತಕಿದ ಬೇಳೆ ಸಾರು ಬಿಟ್ಟು ಕೂರೋ ಅಗತ್ಯ ಇಲ್ಲ. ಕಿಡ್ನಿ ಡಾಕ್ಟರ್ ಬೇರೆ ಕಾರಣಕ್ಕೆ ಪ್ರೋಟೀನ್ ಕಮ್ಮಿ ಮಾಡಿ ಅಂದಿದ್ರೆ ಅದು ಬೇರೆ ವಿಷಯ, ಅವರ ಮಾತೇ ಕೇಳಿ. ಟೊಮ್ಯಾಟೊ ತಿಂದ್ರೆ ಬರುತ್ತೆ ಅಂತ ಕೆಲವು ರೋಗಿಗಳು ಹೇಳೋದುಂಟು, ನಿಮಗೂ ಹಾಗೇ ಪದೇ ಪದೇ ಆಗಿದ್ರೆ ಕಮ್ಮಿ ಮಾಡಿ, ಇಲ್ಲಾಂದ್ರೆ ಮನೆಯವರೆಲ್ಲರ ತಿಳಿಸಾರನ್ನ ಕೆಡಿಸ್ಬೇಡಿ.

ನಿಜವಾಗಿ ಹಿಡಿತ ಬೇಕಾಗಿರೋದು ಎಲ್ಲಿ ಅಂದ್ರೆ ಭಾನುವಾರ ಬೆಳಗ್ಗೆ ಮಿಲಿಟರಿ ಹೋಟೆಲ್‌ನಲ್ಲಿ. ಲಿವರ್, ಬೋಟಿ, ಭೇಜ, ಕಿಡ್ನಿ ಇವೆಲ್ಲ ಪ್ಯೂರಿನ್ ಗಣಿ, ಕಾಲು ಸೂಪೂ ಬೇಡ. ಮಟನ್ ದೊನ್ನೆ ಬಿರಿಯಾನಿ ಅಪರೂಪಕ್ಕೆ ಸ್ವಲ್ಪ, ವಾರವಾರ ಅಲ್ಲ. ಕರಾವಳಿ ಹೋಟೆಲ್‌ಗೆ ಹೋದ್ರೆ ಬೂತಾಯಿ, ಬಂಗುಡೆ, ಕೊಳ್ಳತರು, ಸಿಗಡಿ ಕಮ್ಮಿ ಮಾಡಿ. ಮೊಟ್ಟೆಗೆ ತೊಂದರೆ ಇಲ್ಲ.

ಬಿಯರ್ ಎಲ್ಲಕ್ಕಿಂತ ಕೆಟ್ಟದು, ಆಲ್ಕೋಹಾಲೂ ಇದೆ, ಅದರ ಜೊತೆ ಪ್ಯೂರಿನ್ನೂ ಇದೆ. ಇಂದಿರಾನಗರ, ಕೋರಮಂಗಲದ ಬ್ರೂವರಿಗಳಲ್ಲಿ ಫ್ರೆಶ್ ಆಗಿ ಮಾಡಿದ್ದು ಕೆಮಿಕಲ್ ಇಲ್ಲ ಅಂತ ಕುಡಿಯೋರಿದಾರೆ, ಫ್ರೆಶ್ ಆದ್ರೂ ಬಿಯರ್ ಬಿಯರ್ರೇ. ಅದನ್ನ ಬಿಟ್ಟು ವಿಸ್ಕಿಗೆ ಹೋದೆ ಅನ್ನೋದೂ ಪರಿಹಾರ ಅಲ್ಲ, ಅದೂ ಏರಿಸುತ್ತೆ.

ಸಸ್ಯಾಹಾರಿಗಳು ಗಮನಿಸದೇ ಇರೋದು ಸಿಹಿ. ಫ್ರಕ್ಟೋಸ್ ಅನ್ನೋ ಸಕ್ಕರೆ ಮೈಯಲ್ಲಿ ಒಡೆಯುವಾಗ ಯೂರಿಕ್ ಆಸಿಡ್ ಏರುತ್ತೆ, ಕೂಲ್ ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್, ಕಬ್ಬಿನ ಹಾಲು ಎಲ್ಲದರಲ್ಲೂ ಇದೆ. ಸಕ್ಕರೆ ಬದಲು ಬೆಲ್ಲ ಹಾಕಿದೀವಿ ಅಂದ್ರೂ ವ್ಯತ್ಯಾಸ ಇಲ್ಲ. ಹಣ್ಣನ್ನ ಹಣ್ಣಾಗೇ ತಿನ್ನಿ.

ಒಳ್ಳೇ ಸುದ್ದಿ ಅಂದ್ರೆ ಕಾಫಿ ಕುಡಿಯೋರಿಗೆ ಗೌಟ್ ಕಮ್ಮಿ ಅಂತ ಅಧ್ಯಯನಗಳು ತೋರ್ಸಿವೆ, ಹಾಗಾಗಿ ಬೈಟು ಕಾಫಿ ನಡೀಲಿ, ಸಕ್ಕರೆ ಕಮ್ಮಿ ಇರ್ಲಿ. ಕೆನೆ ತೆಗೆದ ಹಾಲು, ನೀರು ಮಜ್ಜಿಗೆ ಒಳ್ಳೇದು. ಅಡುಗೆ ಸೋಡಾ ನೀರು ಕುಡಿಯೋದು ಬಿಪಿ ಇರೋರಿಗೆ ಉಪ್ಪು ಸುರಿದಂಗೆ, ಬೇಡ.

ಹಂತ 6: ನೀರು, ತೂಕ, ಬೇರೆ ಮಾತ್ರೆಗಳು

ಔಟರ್ ರಿಂಗ್ ರೋಡ್‌ನಲ್ಲಿ ಎರಡು ಗಂಟೆ ಸಿಕ್ಕಿಹಾಕ್ಕೊಂಡ್ರೆ ಬಾತ್‌ರೂಮ್ ಸಿಗಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದ ಕ್ಯಾಬ್ ಡ್ರೈವರ್‌ಗಳು, ಆಫೀಸಿನವರು ಎಷ್ಟು ಜನ ಇಲ್ಲ ಹೇಳಿ. ಮೈಯಲ್ಲಿ ನೀರು ಕಮ್ಮಿ ಆದ್ರೆ ಅಟ್ಯಾಕ್ ಬರುತ್ತೆ, ಯೂರಿಕ್ ಆಸಿಡ್ ಸ್ಟೋನೂ ಆಗುತ್ತೆ. ದಿನಕ್ಕೆ ಎರಡು ಲೀಟರ್ ಮೇಲೆ ಇಟ್ಕೊಳ್ಳಿ, ಹಾರ್ಟ್ ಅಥವಾ ಕಿಡ್ನಿ ಡಾಕ್ಟರ್ ನೀರು ಮಿತಿ ಮಾಡಿದ್ರೆ ಮಾತ್ರ ಅವರು ಹೇಳಿದಷ್ಟು.

ತೂಕ ಇಳಿಸಿ, ನಿಧಾನಕ್ಕೆ. ಒಂದೇ ತಿಂಗಳಲ್ಲಿ ಹತ್ತು ಕೆಜಿ ಅನ್ನೋ ಡಯಟ್, ಕೀಟೊ, ನೀರೂ ಇಲ್ಲದ ಉಪವಾಸ ಇವೆಲ್ಲ ಯೂರಿಕ್ ಆಸಿಡನ್ನ ಏರಿಸಿ ಅಟ್ಯಾಕ್ ತರ್ತವೆ. ನಿರ್ಜಲ ಏಕಾದಶಿ ಮಾಡೋರು ಗೌಟ್ ಇದ್ರೆ ನೀರಾದ್ರೂ ಕುಡೀರಿ.

ಬಿಪಿಗೆ ಕೊಡೋ ಹೈಡ್ರೋಕ್ಲೋರೋಥಯಜೈಡ್ ಥರದ ಮೂತ್ರ ಜಾಸ್ತಿ ಮಾಡೋ ಮಾತ್ರೆ, ಕಮ್ಮಿ ಡೋಸ್ ಆಸ್ಪಿರಿನ್, ಟಿಬಿಗೆ ಕೊಡೋ ಪೈರಜಿನಮೈಡ್, ಇವು ಯೂರಿಕ್ ಆಸಿಡ್ ಏರಿಸ್ತವೆ. ಲೊಸಾರ್ಟನ್ ಅನ್ನೋ ಬಿಪಿ ಮಾತ್ರೆ ಸ್ವಲ್ಪ ಇಳಿಸುತ್ತೆ. ಇದನ್ನ ಓದಿ ನೀವೇ ಮಾತ್ರೆ ಬದಲಾಯಿಸ್ಬೇಡಿ, ಅದರಲ್ಲೂ ಹಾರ್ಟ್‌ಗೆ ಕೊಟ್ಟಿರೋ ಆಸ್ಪಿರಿನ್ ಮತ್ತೆ ಟಿಬಿ ಮಾತ್ರೆ ನಿಲ್ಲಿಸಲೇಬೇಡಿ. ಬಿಪಿ ಮಾತ್ರೆ ಬದಲಾಯಿಸ್ಬಹುದಾ ಅಂತ ಡಾಕ್ಟರ್‌ನ ಒಂದು ಮಾತು ಕೇಳಿ ಅಷ್ಟೇ.

ಹಂತ 7: ಆಮೇಲಿನ ವರ್ಷಗಳು

ಯೂರಿಕ್ ಆಸಿಡ್ ಗುರಿಗೆ ಬಂದ ಮೇಲೆ ಆರು ತಿಂಗಳಿಗೊಮ್ಮೆ ಯೂರಿಕ್ ಆಸಿಡ್, ಕ್ರಿಯಾಟಿನಿನ್, ಲಿವರ್ ಟೆಸ್ಟ್ ಸಾಕು. ಅಟ್ಯಾಕ್‌ಗಳು ಮೊದಲು ಕಮ್ಮಿ ಆಗ್ತವೆ, ಆಮೇಲೆ ನಿಲ್ತವೆ, ಟೋಫಸ್ ಗಂಟುಗಳು ಕರಗೋಕೆ ವರ್ಷಗಳೇ ಬೇಕು, ಆದ್ರೆ ಕರಗ್ತವೆ. ಅವನ್ನ ಬ್ಲೇಡಿಂದ ಕುಯ್ಯೋಕೆ, ಹಿಚುಕೋಕೆ ಹೋಗ್ಬೇಡಿ, ಗಾಯ ಆರಲ್ಲ.

ಆಪರೇಷನ್‌ಗೆ ಅಡ್ಮಿಟ್ ಆಗೋದಿದ್ರೆ ಗೌಟ್ ಇದೆ ಅಂತ ಮುಂಚೆನೇ ಹೇಳಿ, ಆಪರೇಷನ್ ಆದ ದಿನಗಳಲ್ಲಿ ಅಟ್ಯಾಕ್ ಬರೋದು ಸಾಮಾನ್ಯ. ಊರಿಗೆ, ಮದುವೆಗೆ, ಶಬರಿಮಲೆಗೆ ಹೊರಡುವಾಗ ದಿನದ ಮಾತ್ರೆ ಎಷ್ಟು ದಿನಕ್ಕೆ ಬೇಕೋ ಅದಕ್ಕಿಂತ ನಾಲ್ಕು ಜಾಸ್ತಿನೇ ಇಟ್ಕೊಳ್ಳಿ, ನೋವು ಬಂದ್ರೆ ತಗೊಳ್ಳಿ ಅಂತ ಡಾಕ್ಟರ್ ಬರೆದುಕೊಟ್ಟಿರೋದನ್ನೂ ಚೀಟಿ ಸಮೇತ ಅದೇ ಪೌಚ್‌ನಲ್ಲಿ ಹಾಕಿ.